ಹೇಳಿಯೇ ಹೋಗುತ್ತಿದ್ದ ಸೂಲಗಿತ್ತಿ

ನಮ್ಮ ಸೇಬಿನ ಊರಿನಲ್ಲಿ ಕುನಿಯೆ ಸಾನ್, ಎಂದರೆ ಕುನಿಯೆಯವರು, ಇಪ್ಪತ್ತೆಂಟು ವರ್ಷ ಸೂಲಗಿತ್ತಿಯಾಗಿದ್ದರು. ದಿನ ತುಂಬುವ ಮೊದಲೇ ಹೆರಿಗೆಯಾಗುವ ಭಯವಿದ್ದು, ‘ಏಳಬೇಡ, ಮಲಗೇ ಇರು’ ಎಂದು ಡಾಕ್ಟರು ಮನೆಗೆ ಕಳಿಸಿದ ಬಸುರಿಯರನ್ನು ನೋಡಿಕೊಂಡು ಬರುವುದು ಅವರ ಕೆಲಸ. ಪುರಸಭೆಯ ಕಾರಿನಲ್ಲಿ ಅವರನ್ನು ಮನೆಮನೆಗೆ ಕರೆದೊಯ್ಯುವುದು ನನ್ನದು. ಕುನಿಯೆ ಸಾನ್ ಬಾಯಿ ಜೋರು. “ನಿನ್ನ ಕಾಲುಚೀಲ ನೀನೇ ಒಗೆದ್ರೆ ಕೈ ಸವೆದು ಹೋಗುತ್ತೇನಪ್ಪ?” ಎಂದು ಗಂಡಂದಿರನ್ನು ಅವರ ತಾಯಂದಿರ ಎದುರೇ ಕೇಳುತ್ತಿದ್ದರು. ಆದರೆ ಹಿಂದಿನ ದಿನ ಫೋನ್ ಮಾಡಿ ಹೇಳದೆ ಯಾರ ಮನೆಗೂ ಹೋಗುತ್ತಿರಲಿಲ್ಲ. ನಮ್ಮ ಕಡೆ ಹೇಳದೆ ಹೊಸ್ತಿಲು ತುಳಿದರೆ ಆ ಮನೆಯವರನ್ನು ಕೇವಲವಾಗಿ ಕಂಡಂತೆ.

ಒಂದು ವರ್ಷ ಸೇಬಿನ ತೋಟದ ಮನೆಯ ಸೊಸೆಯೊಬ್ಬಳು ಆರು ತಿಂಗಳ ಬಸುರಿ. ಅವಳನ್ನು ಹಿದೆಮಿ ಎನ್ನೋಣ, ನಿಜವಾದ ಹೆಸರು ನಾನು ಹೇಳುವುದಿಲ್ಲ. ಮೊದಲ ಮಗುವನ್ನು ಏಳನೇ ತಿಂಗಳಲ್ಲಿ ಕಳೆದುಕೊಂಡವಳು, ಅದಕ್ಕೇ ಅವಳಿಗೂ ಮಲಗೇ ಇರಲು ಹೇಳಿದ್ದರು. ಇದಾದರೂ ಉಳಿಯಲಿ ಎಂದು ಕುನಿಯೆ ಸಾನ್ ಪ್ರತಿ ಮಂಗಳವಾರ ಹತ್ತು ಗಂಟೆಗೆ ಹೋಗತೊಡಗಿದರು.

ಹೋದರೆ ಮನೆ ಫಳಫಳ. ಬಾಗಿಲಲ್ಲಿ ಚಪ್ಪಲಿಗಳ ಸಾಲು, ಒಳಗೆ ಎರಡು ಬಗೆಯ ಉಪ್ಪಿನಕಾಯಿ, ಹಬೆಯಾಡುವ ಕಳಲೆ. ಹಿದೆಮಿ ತಲೆ ಬಾಚಿಕೊಂಡು ಹಾಸಿಗೆಯಲ್ಲಿರುತ್ತಿದ್ದಳು.

“ಇದನ್ನೆಲ್ಲ ಯಾರಮ್ಮ ಮಾಡೋದು?”

“ಅತ್ತೆ ಮಾಡಿಟ್ಟು ಹೋಗಿದ್ದಾರೆ, ಸೆನ್ಸೆಯಿ,” ಎಂದಳು, ಗುರುಗಳನ್ನು ಕರೆಯುವ ಮಾತಿನಲ್ಲಿ.

ನಾವಿಬ್ಬರು ದಡ್ಡಿಯರು ತಿಂದು ಹೊಗಳಿ ಬಂದೆವು. ಅತ್ತೆ ಸೇಬಿನ ಕಾಯಿಗಳಿಗೆ ಕಾಗದದ ಚೀಲ ಕಟ್ಟಲು ಬೆಳಿಗ್ಗೆ ಐದಕ್ಕೇ ತೋಟಕ್ಕೆ ಹೋಗುವವರು. ಹತ್ತು ಗಂಟೆಗೆ ಕಳಲೆ ಹಬೆಯಾಡುವುದು ಹೇಗೆ ಎಂದು ಇಬ್ಬರಿಗೂ ಹೊಳೆಯಲಿಲ್ಲವಲ್ಲ, ಅದಕ್ಕೆ ನನಗೆ ಇವತ್ತಿಗೂ ನನ್ನ ಮೇಲೇ ಸಿಟ್ಟು.

ಮುಟ್ಟಿದಾಗಲೆಲ್ಲ ಹಿದೆಮಿಯ ಹೊಟ್ಟೆ ಬಿಗಿದುಕೊಂಡಿರುತ್ತಿತ್ತು. “ಮಲಗೇ ಇದ್ರೂ ಹೀಗ್ಯಾಕೆ ಕಣೆ?” ಎಂದು ಕುನಿಯೆ ಸಾನ್ ಕಾರಿನಲ್ಲಿ ಗೊಣಗಿದರು. ಆತಂಕ ತಾಳಲಾರದೆ ಶುಕ್ರವಾರವೂ ಹೋಗಲು ಶುರುಮಾಡಿದರು. ಗುರುವಾರ ತಪ್ಪದೆ ಫೋನ್.

ಎರಡನೇ ಶುಕ್ರವಾರ ಇನ್ನೊಂದು ಮನೆಯ ಭೇಟಿ ತಪ್ಪಿ, ಒಂದು ಗಂಟೆ ಮೊದಲೇ ಬಂದುಬಿಟ್ಟೆವು. ಕೂಗಿದರೆ ಉತ್ತರವಿಲ್ಲ. ಒಳಗೆ ಹೋದರೆ ಹಿದೆಮಿ ಮೊಣಕಾಲೂರಿ, ಒದ್ದೆ ಬಟ್ಟೆಯಲ್ಲಿ ಪಡಸಾಲೆಯ ಹಲಗೆಗಳನ್ನು ಒರೆಸುತ್ತಿದ್ದಳು.

“ಏನ್ ಮಾಡ್ತಿದ್ದೀಯೆ ನೀನು?”

“ಸೆನ್ಸೆಯಿ ಬರೋ ಮನೆ ಹೀಗಿದ್ರೆ ಹೇಗೆ? ಇಷ್ಟು ಮುಗಿಸಿ ಮಲಗ್ತಿದ್ದೆ.” ಅವಳು ತಪ್ಪು ಮಾಡಿದ ಮಗುವಿನ ಹಾಗೆ ನಕ್ಕಳು. “ನೀವು ಬರೋ ದಿನ ಮಾತ್ರ. ಉಳಿದ ದಿನ ಕದಲೋದೇ ಇಲ್ಲ, ನಿಜವಾಗ್ಲೂ.”

ಕುನಿಯೆ ಸಾನ್ ಒದ್ದೆ ಬಟ್ಟೆ ಕಿತ್ತುಕೊಂಡು ಅವಳನ್ನು ಹಾಸಿಗೆಗೆ ಕರೆದೊಯ್ದರು. ಮಧ್ಯಾಹ್ನಕ್ಕೆ ನೋವು ಶುರುವಾಯಿತು. ಘಾಟಿ ದಾಟಿ ಆಸ್ಪತ್ರೆ ಸೇರುವಷ್ಟರಲ್ಲಿ ಹೆರಿಗೆಯಾಗಿಹೋಯಿತು. ಹೆಣ್ಣು ಮಗು. ಎರಡೇ ದಿನ ಬದುಕಿತ್ತು.

ತಲೆಬಾಗಿ ಕ್ಷಮೆ ಕೇಳಬೇಕೆಂದು ಕುನಿಯೆ ಸಾನ್ ಆಸ್ಪತ್ರೆಗೆ ಹೋದರು. ಅವರು ಬಾಯಿ ತೆರೆಯುವ ಮೊದಲೇ ಹಿದೆಮಿ ಮಂಚದ ಮೇಲೆ ಮಂಡಿಯೂರಿ ಹಣೆ ಹಚ್ಚಿಬಿಟ್ಟಳು.

“ಅಷ್ಟು ಸಲ ಬಂದ್ರಿ, ಸೆನ್ಸೆಯಿ. ನಿಮ್ಮ ಶ್ರಮವನ್ನೆಲ್ಲ ಹಾಳು ಮಾಡಿಬಿಟ್ಟೆ. ಕ್ಷಮಿಸಿ.”

ಕುನಿಯೆ ಸಾನ್ ಅವಳನ್ನು ಹಿಡಿದೆತ್ತಿ ಮಲಗಿಸಿದರು. ಕಾರಿಗೆ ಬಂದು ಬಿಕ್ಕಿ ಬಿಕ್ಕಿ ಅತ್ತರು.

ಅಲ್ಲಿಂದ ಮುಂದೆ ಯಾರಿಗೂ ಹೇಳದೆ, ಅಡುಗೆಮನೆಯ ಬಾಗಿಲಿನಿಂದ ನುಗ್ಗತೊಡಗಿದರು. ಸೂಲಗಿತ್ತಿಗೆ ವಯಸ್ಸಾಯಿತು, ಮರ್ಯಾದೆ ಮರೆತಳು ಎಂದು ಊರು ಆಡಿಕೊಂಡಿತು. ನನಗೆ ಮೈ ಉರಿಯಿತು.

“ನಡೆದದ್ದನ್ನ ಹೇಳಿಬಿಡಿ, ಎಲ್ರ ಬಾಯಿ ಮುಚ್ಚುತ್ತೆ,” ಎಂದೆ.

“ಹೇಳಿದ್ರೆ ಹಿದೆಮಿ ನೆಲ ಒರೆಸಿ ಮಗು ಕಳ್ಕೊಂಡ್ಳು ಅಂತಾರೆ,” ಎಂದರು ಕುನಿಯೆ ಸಾನ್. “ನನ್ನನ್ನೇ ಬೈಲಿ ಬಿಡು. ಫೋನ್ ಮಾಡಿ ಅವಳನ್ನ ಎಬ್ಬಿಸ್ತಿದ್ದೋಳು ನಾನೇ ತಾನೇ?”