ಅಪ್ಪನ ಬೇರಿನ ಪುಡಿ

ನಮ್ಮಪ್ಪ ಮೂಡಲಗಿಯ ಕಬ್ಬಿನ ರೈತ. ಅವನಿಗೆ ಚೀಲದ ಲೆಕ್ಕ ಗೊತ್ತು, ಚಿಟಿಕೆಯ ಲೆಕ್ಕ ಗೊತ್ತಿಲ್ಲ. ಇದರಿಂದ ಅವ್ವನ ತವರು ಇನ್ನೇನು ಗೊಟಕ್ ಎನ್ನುವುದರಲ್ಲಿತ್ತು.

ತವರೆಂದರೆ ಒಂದು ಅಂಜೂರದ ಗಿಡ, ಕಣಗಲಾದಲ್ಲಿ ಹೆದ್ದಾರಿಯ ಬಾಜೂಕ್ಕೆ ಅಜ್ಜಿ ಹಚ್ಚಿದ್ದು. ಅಜ್ಜಿ ಹೋದಮೇಲೆ ಅವ್ವ ಅಲ್ಲಿಗೆ ಹೋಗುತ್ತಿದ್ದುದೇ ಆ ಗಿಡಕ್ಕಾಗಿ. ಈಗ ಮಾಮಾ, ಅಂದರೆ ಅವ್ವನ ತಮ್ಮ, ಅದನ್ನು ಕಡಿಸಿ ಧಾಬಾ ಕಟ್ಟಲು ಹೊರಟಿದ್ದ. ಅವ್ವ ಜಗಳಾಡಿದಳು, ಅತ್ತಳು, ಸೋತಳು. ಹೊರಡುವಾಗ ತಮ್ಮನ ಹೆಂಡತಿ ಉಡಿ ತುಂಬಲು ಅಕ್ಕಿ, ಕೊಬ್ಬರಿ ತಂದರೆ, "ಅಕ್ಕಿ ನೀವ ಇಟಗೋರಿ. ನನ್ನ ಉಡಿಯಾಗ ಆ ಗಿಡದ ಟೊಂಗಿ ಕಡದ ಹಾಕ್ರಿ" ಎಂದು ಸೆರಗು ಒಡ್ಡಿದಳು. ಉಡಿ ತುಂಬ ಕಟ್ಟಿಗೆ ಹೊತ್ತು ಬಸ್ಸು ಹತ್ತಿದವಳನ್ನು ಕಂಡಕ್ಟರ್ ಬಾಯಿ ಬಿಟ್ಟುಕೊಂಡು ನೋಡಿದನಂತೆ.

ನಾನು ಗೋಕಾಕದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಆ ಟೊಂಗೆಗಳನ್ನು ನಮ್ಮ ಹಿತ್ತಲಲ್ಲಿ ಹಚ್ಚಲು, ಬೇರು ಬರಿಸುವ ಹಾರ್ಮೋನಿನ ಪುಡಿ ತಂದುಕೊಟ್ಟೆ. "ಅಪ್ಪಾ, ಕಡದ ತುದಿಗೆ ಒಂದ ಚಿಟಿಕಿ. ಅಷ್ಟ ಸಾಕು."

"ಚಿಟಿಕಿ? ಕಬ್ಬಿಗೆ ಗೊಬ್ಬರಾ ಚಿಟಿಕಿಲೆ ಹಾಕ್ತೇವೇನು? ಹೊಟ್ಟಿ ತುಂಬ ಹಾಕಿದ್ರ ಬೇರು ಓಡಕೋತ ಬರ್ತಾವ ತಗಿ!"

ನಾನು ಕಾಲೇಜಿಗೆ ಹೋದದ್ದೇ ತಡ, ಮಹಾರಾಯ ಇಡೀ ಡಬ್ಬಿ ಸುರುವಿ, ನೀರಲ್ಲಿ ಕಲಸಿ, ಗೋಡೆಗೆ ಸುಣ್ಣ ಬಳಿದಂತೆ ಬಳಿದು ಹುಗಿದುಬಿಟ್ಟಿದ್ದ.

ಅವ್ವ ದಿನಾ ಮುಂಜಾನೆ ಆ ಟೊಂಗೆಗಳ ಮುಂದೆ ಕೂತು ಚಹಾ ಕುಡಿದಳು. ಬುಡ ಬಾತವು, ಕಪ್ಪಾದವು, ಬೇರು ಮಾತ್ರ ಒಂದೂ ಬರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಆಕ್ಸಿನ್ ಎಂಬ ಹಾರ್ಮೋನ್ ಗಿಡದ ಚಿಗುರಲ್ಲಿ ಹುಟ್ಟಿ ಕೆಳಗಿಳಿಯುತ್ತದೆ. ಟೊಂಗೆ ಕಡಿದರೆ ಕಡಿದ ಜಾಗದಲ್ಲಿ ಬಂದು ತಂಗಿ ಬೇರು ಹೊರಡಿಸುತ್ತದೆ. ಪುಡಿಯಲ್ಲಿರುವುದೂ ಅದೇ; ಅತಿಯಾದರೆ, ಬಾಳೆಕಾಯಿ ಹಣ್ಣು ಮಾಡುವ ಎಥಿಲೀನ್ ಅನಿಲ ಟೊಂಗೆಯೊಳಗೇ ಹೆಚ್ಚಿ ಬೇರನ್ನು ತಡೆಯುತ್ತದೆ. ಇದನ್ನೆಲ್ಲ ಬಿಡಿಸಿ ಹೇಳಿದೆ. ಅಪ್ಪ ಆಕಳಿಸಿದ.

"ಅಂದ್ರ, ಸಾರಿಗೆ ಉಪ್ಪು ಹೆಚ್ಚಾತು" ಎಂದಳು ಅವ್ವ. ಆ ದಿನ ಅಪ್ಪನ ತಾಟಿಗೆ ಬಿದ್ದ ಸಾರಿನಲ್ಲಿ ಒಂದು ಹಿಡಿ ಉಪ್ಪಿತ್ತು. "ಹೊಟ್ಟಿ ತುಂಬ ಉಣ್ರಿ!"

ಮುಂದೆ ನನಗೆ ಮಾಮಾನ ಫೋನು ಬಂತು: ಗಿಡ ಕಡಿದಾಯಿತು. ಅವ್ವ ಸೆರಗು ಬಾಯಿಗಿಟ್ಟುಕೊಂಡು ಬಿಕ್ಕಿದಳು. ಅಪ್ಪ ಮೊದಲ ಸಲ ತಲೆ ತಗ್ಗಿಸಿದ. ನನಗೆ ಅವನ ಮೇಲೆ ಕರುಣೆಯೇನೂ ಬರಲಿಲ್ಲ.

ಆಮೇಲೊಂದು ಮುಂಜಾನೆ ಹಿತ್ತಲಿಗೆ ಹೋದರೆ, ನಮ್ಮ ಆಡು ತನ್ನನ್ನು ಕಟ್ಟಿದ ಗೂಟವನ್ನೇ ಮೇಯುತ್ತಿತ್ತು! ಪುಡಿ ಸಾಲದೆ ಉಳಿದಿದ್ದ ಒಂದು ದಪ್ಪ ಟೊಂಗೆಯನ್ನು ಅಪ್ಪ ಬಚ್ಚಲ ನೀರು ಹರಿಯುವಲ್ಲಿ ಗೂಟ ಮಾಡಿ ಬಡಿದಿದ್ದ. ಒಳಗಿದ್ದ ಸ್ವಂತ ಹಾರ್ಮೋನೇ ಸಾಕಾಗಿ ಅದು ಚಿಗುರಿತ್ತು.

"ನೋಡಿದಿರೇನ? ನಾ ಹುಗದದ್ದು!" ಅಪ್ಪ ಬೇರು ನೋಡಲು ಅದನ್ನು ಕೀಳಲಿಕ್ಕೇ ಹೋದ.

"ಕೈ ತಗೀರಿ! ನೀವು ಮರತ ಬಿಟ್ಟದ್ದಕ್ಕ ಉಳದೈತಿ ಅದು" ಎಂದು ಅವ್ವ ಗದರಿದಳು.

ಆಡನ್ನು ಬಿಚ್ಚಿ ಅಪ್ಪ ಮಲಗುವ ಹೊರಸಿನ ಕಾಲಿಗೆ ಕಟ್ಟಿದಳು. ಅಂಜೂರದ ಸುತ್ತ ಮುಳ್ಳು ಹಚ್ಚಿದಳು. ಕಣ್ಣೊರೆಸಿಕೊಂಡು, ಅಷ್ಟು ದಿನ ಮಾತು ಬಿಟ್ಟಿದ್ದ ತಮ್ಮನಿಗೆ ತಾನೇ ಫೋನು ಹಚ್ಚಿದಳು.

"ಧಾಬಾದ ಮುಂದ ನೆರಳ ಬೇಕನಸಿದಾಗ ಬಾರಪಾ. ಬರಬೇಕಾದ್ರ ಒಂದ ಟವೆಲ್ಲಾ ತಗೊಂಡ ಬಾ, ಉಡಿ ತುಂಬಿ ಕಳಸ್ತೇನಿ. ತವರಮನಿ ಈಗ ಇಲ್ಲೈತಿ."