ಗೌರಿಗೆ ಕೇಳಿಸಿದ ಕೂಗು

2023ರ ಫೆಬ್ರವರಿ 12, ಭಾನುವಾರ. ಸಂಜೆ ಐದು ಗಂಟೆ ಹತ್ತು ನಿಮಿಷ. ಕಮ್ಮರಡಿಯ ನಾಗವೇಣಕ್ಕನ ಮನೆಯ ಹಿಂದೆ, ಬೇಲಿಯ ಹತ್ತಿರ ನಿಂತಿದ್ದೆ. ಸತ್ತವರ ದನಿ ಕೇಳಿತು ಎನ್ನುವವರನ್ನು ಅಲ್ಲಿಯವರೆಗೆ ನಾನು ನಂಬಿದವನಲ್ಲ. ಈಗಲೂ ನಂಬುತ್ತೇನೆ ಎನ್ನಲಾರೆ, ಏಕೆಂದರೆ ನನಗೆ ಏನೂ ಕೇಳಿಸಲಿಲ್ಲ. ನಾನು ಹೇಳಹೊರಟಿರುವುದೂ ಅದನ್ನೇ.

ಅಪ್ಪ ತೀರಿಕೊಂಡ ಮರುವರ್ಷ ಅಮ್ಮನೂ ಹೋದಳು. ನೆನಪು ಮಾಸುವ ಮೊದಲು ಎಲ್ಲವನ್ನೂ ಬರೆದಿಡಬೇಕೆಂದು ಹೊರಟೆ. ದಿನಚರಿ ಬರೆಯುವ ಅಭ್ಯಾಸ ಹೈಸ್ಕೂಲಿನಿಂದಲೂ ಇದೆ. ಕೊಪ್ಪದ ಔಷಧಿ ಅಂಗಡಿಯೊಂದರಲ್ಲಿ ಸ್ಟಾಕ್ ನೋಡಿಕೊಳ್ಳುವವನಿಗೆ ಲೆಕ್ಕ ಇಡುವುದೇನೂ ಕಷ್ಟವಲ್ಲ. ಅಜ್ಜ ಮೇಗುಂದಕ್ಕೆ ಬಂದದ್ದು, ಅಪ್ಪ ಕೊಂಡ ಮೊದಲ ಸೈಕಲ್ಲು, ಅಮ್ಮ ಪತ್ರೊಡೆಗೆ ಎಷ್ಟು ಹುಳಿ ಹಾಕುತ್ತಿದ್ದಳು, ಯಾವ ಜ್ವರಕ್ಕೆ ಯಾವ ಕಷಾಯ ಕೊಡುತ್ತಿದ್ದಳು, ಎಲ್ಲ ಬರೆದೆ. ಹೆಮ್ಮೆಯಿಂದಲೇ ನರಸಿಂಹರಾಜಪುರದಲ್ಲಿರುವ ಅಕ್ಕನಿಗೆ ಕೊಟ್ಟೆ.

"ಚೆನ್ನಾಗಿದೆ ಮಾರಾಯ. ಆದ್ರೆ ಅಮ್ಮ ಸಂಜೆ ದನ ಕರೀತಿದ್ದ ಕೂಗು ಎಲ್ಲಿ?" ಎಂದಳು. ಮಗಳಿಗೆ ಕಲಿಸಲು ಹೋದರೆ ಅರ್ಧಕ್ಕೆ ನಿಂತುಹೋಗುತ್ತದಂತೆ. "ಮುಂದಿಂದು ನೀನು ಹೇಳು. ನಾನು ಮದುವೆಯಾಗಿ ಬಂದು ಹನ್ನೆರಡು ವರ್ಷ ಆಯ್ತು. ನೀನು ಮನೇಲೇ ಇದ್ದವ."

ನಮ್ಮ ಕಡೆ ಮೇಯಲು ಬಿಟ್ಟ ದನಗಳನ್ನು ಕರೆಯುವ ಕೂಗು ಒಂದೊಂದು ಮನೆಗೆ ಒಂದೊಂದು. ಬೇರೆ ಮನೆಯ ದನ ಅದಕ್ಕೆ ತಿರುಗಿಯೂ ನೋಡುವುದಿಲ್ಲ. ಅಮ್ಮನ ಕೂಗು ನನ್ನ ಬಾಯಿಗೆ ಬರಲಿಲ್ಲ. ಹಳೆಯ ಡೈರಿಗಳನ್ನು ತೆಗೆದೆ. ನಮ್ಮ ಹಸು ಗೌರಿ ಯಾವ ಸಂಜೆ ಎಷ್ಟು ಹಾಲು ಕೊಟ್ಟಿತು ಎಂಬುದು ಅವುಗಳಲ್ಲಿದೆ. ಕೂಗು ಇಲ್ಲ. ಅಮ್ಮ ಅಂಗಳದ ತುದಿಯಲ್ಲಿ ನಿಂತು ಕೂಗುವಾಗ ನಾನು ಒಳಗೆ ಕೂತು ಡೈರಿ ಬರೆಯುತ್ತಿದ್ದೆ.

ಅಮ್ಮ ಹೋದ ಮೇಲೆ ಗೌರಿಯನ್ನು ಪರಿಚಯದವರ ಮೂಲಕ ಕಮ್ಮರಡಿಯ ನಾಗವೇಣಕ್ಕನಿಗೆ ಕೊಟ್ಟಿದ್ದೆವು. ಅದರ ಹತ್ತಿರ ನಿಂತರೆ ನೆನಪಾದೀತೇನೋ ಎಂದು ಅಲ್ಲಿಗೆ ಹೋದೆ.

"ನಿಮ್ಮ ಗೌರಿಗೆ ಕಿವಿಯೇ ಇಲ್ಲ ತಮ್ಮ. ಬಂದಾಗಿನಿಂದ ಒಂದಿನ ಕರೆದ್ರೆ ಬಂದಿಲ್ಲ. ದಿನಾ ನಾನೇ ಹೋಗಿ ಹೊಡ್ಕೊಂಡು ಬರ್ಬೇಕು, ಮಹಾರಾಣಿ!" ಎಂದು ನಾಗವೇಣಕ್ಕ ನಕ್ಕರು.

ಗೌರಿ ಕೊಯ್ಲಾದ ಗದ್ದೆಯ ಆಚೆ ತುದಿಯಲ್ಲಿ ಮೇಯುತ್ತಿತ್ತು. ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ, ಅಕ್ಕ ಹೇಳಿಕೊಟ್ಟ ಅರ್ಧವನ್ನು ಕೂಗಿದೆ. ಅದು ತಲೆ ಎತ್ತಲಿಲ್ಲ. ನಾಗವೇಣಕ್ಕ ಬಾಯಿಗೆ ಸೆರಗು ಹಿಡಿದರು. ಎಷ್ಟು ಗಂಟೆಗೆ ಕೂಗಿದೆ ಎಂದು ಬರೆದುಕೊಳ್ಳಲು ನಾನು ತಲೆ ಬಗ್ಗಿಸಿದೆ.

ಕೊರಳ ಗಂಟೆಯ ಸದ್ದಿಗೆ ತಲೆ ಎತ್ತಿದರೆ ಗೌರಿ ಓಡಿ ಬರುತ್ತಿತ್ತು. ಅಂಗಳದ ನಾಯಿ ಎದ್ದು ನನ್ನ ಕಡೆಗೆ ಬೊಗಳಿತು. ಗೌರಿ ನನ್ನನ್ನು ದಾಟಿ ಹೋಗಿ, ಬೇಲಿಯ ಮೂಲೆಯಲ್ಲಿ ನಿಂತು, ಕಣ್ಣು ಅರ್ಧ ಮುಚ್ಚಿ ಕತ್ತು ನೀಡಿತು. ಗಂಟಲ ಕೆಳಗೆ ತುರಿಸಲಿ ಎಂದು ಅಮ್ಮನ ಮುಂದೆ ಹಾಗೆಯೇ ನಿಲ್ಲುತ್ತಿತ್ತು. ಅಲ್ಲಿ ಯಾರೂ ಇರಲಿಲ್ಲ. ನಾನು ಕೈ ಚಾಚಿದೆ. ಕತ್ತು ಹಿಂದಕ್ಕೆಳೆದುಕೊಂಡಿತು.

"ಯಾರು ಕರೆದಿದ್ದು?" ಎಂದರು ನಾಗವೇಣಕ್ಕ. ಈಗ ನಗುತ್ತಿರಲಿಲ್ಲ. "ಹೆಂಗಸಿನ ದನಿ. ನಿನ್ನ ಬೆನ್ನ ಹಿಂದಿನಿಂದಲೇ ಬಂತಲ್ಲ. ಕೇಳ್ಲಿಲ್ವಾ?"

ಇಲ್ಲ ಎಂದೆ. ಒಮ್ಮೆ ಕೂಗಿ ತೋರಿಸಿ ಎಂದು ಬೇಡಿಕೊಂಡೆ. ಎರಡು ಸಲ ಪ್ರಯತ್ನಿಸಿದರು. "ಎಳೆದು ಎಳೆದು, ಕೊನೆಗೆ ಸಣ್ಣಗೆ ಬಿಟ್ಟಂಗೆ... ನನ್ನ ಗಂಟಲಿಗೆ ಹತ್ತಲ್ಲ ಮಾರಾಯ" ಎಂದು ಕೈಬಿಟ್ಟರು. ಆಮೇಲೆ ಮೆಲ್ಲಗೆ, "ನಿಮ್ಮಮ್ಮನ್ನ ನಾನು ಕಂಡವಳಲ್ಲ. ದನಿ ನಿನಗೇ ಗೊತ್ತಾಗ್ಬೇಕಲ್ವಾ?" ಎಂದರು. ಅವರ ಮುಖ ನೋಡಲಾಗಲಿಲ್ಲ.

ರೆಕಾರ್ಡಿಂಗಿನಲ್ಲಿ ನನ್ನ ಅರ್ಧ ಕೂಗು, ಗಂಟೆ, ನಾಯಿ, ನಾಗವೇಣಕ್ಕನ ಪ್ರಶ್ನೆ ಇವೆ. ಬೇರೇನೂ ಇಲ್ಲ. ಪಕ್ಕದ ಮನೆಯವರಾರೋ ತಮ್ಮ ದನ ಕರೆದಿರಬಹುದು ಎಂದು ವಿಚಾರಿಸಿದೆ. ಕರೆದವರಿಲ್ಲ. ಹಸುವಿಗೆ ಹೊತ್ತಿನ ಅಭ್ಯಾಸ ಎನ್ನೋಣವೆಂದರೆ ನಾಗವೇಣಕ್ಕನಿಗೆ ಕೇಳಿಸಿದ್ದೇನು? ಗೊತ್ತಿಲ್ಲ. ನನಗೆ ಹೆದರಿಕೆಯಾಗಲಿಲ್ಲ, ನಾಚಿಕೆಯಾಯಿತು. ಇವತ್ತಿಗೂ ಅದೇ.

ಮೇಗುಂದದಲ್ಲಿ ನಮ್ಮ ಮನೆ ಮುಂದಿನ ದಾರಿಯಲ್ಲಿ ಸಂಜೆ ಹೊತ್ತು ಓಡಾಡುತ್ತಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ, ಅಂಗಳದ ತುದಿಯಲ್ಲಿ ನಿಂತ ಹೆಂಗಸೊಬ್ಬಳು ದನ ಕರೆಯುತ್ತಿದ್ದುದು ನೆನಪಿದ್ದರೆ, ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ಕೂಗು ಬರೆಯಲು ಬರುವಂಥದ್ದಲ್ಲ, ಗೊತ್ತು. ನಾನೇ ಬರುತ್ತೇನೆ, ಒಮ್ಮೆ ಕೂಗಿ ತೋರಿಸಿ. ಈ ಸಲ ಬರೆದುಕೊಳ್ಳುವುದಿಲ್ಲ.