ದರ್ಜಿ ಹೊಲಿದ ನಿಂಬೆಹಣ್ಣು

ಆ ದರ್ಜಿಗೆ ಬೀದಿಯವರು ಇಟ್ಟ ಹೆಸರು ಅರ್ಧ ಇಂಚು. ಯಾರು ಏನೇ ಹೊಲಿಸಲು ಬರಲಿ, ಟೇಪು ಹಿಡಿದು ಅಳೆದು, ಕನ್ನಡಕದ ಮೇಲಿಂದ ನೋಡಿ, ಅರ್ಧ ಇಂಚು ಕಡಿಮೆ ಮಾಡೋಣ ಅನ್ನುತ್ತಿದ್ದ. ಪ್ಯಾಂಟಿಗೂ ಅದೇ ಮಾತು, ಪರದೆಗೂ ಅದೇ ಮಾತು. ಒಮ್ಮೆ ದಿಂಬಿನ ಚೀಲಕ್ಕೂ ಹಾಗೇ ಮಾಡಿ, ದಿಂಬು ಅದರೊಳಗೆ ಹೋಗದೆ, ಹೊಲಿಸಿದಾಕೆ ಅಂಗಡಿ ಮುಂದೆ ನಿಂತು ಅವನ ಏಳು ತಲೆಮಾರನ್ನೂ ಜಾಲಾಡಿದ್ದಳು. ಆದರೂ ಆ ಕೈ ಸುಮ್ಮನಿರುವ ಜಾತಿಯದಲ್ಲ. ಎಲ್ಲಾದರೂ ಒಂದೆಳೆ ಹೊರಗೆ ಇಣುಕಿದರೆ ಸಾಕು, ಕಚಕ್ಕನೆ ಕತ್ತರಿ ಆಡುತ್ತಿತ್ತು.

ಇಂಥವನಿಗೆ ನಿಂಬೆಗಿಡದ ಹುಚ್ಚು ಹಿಡಿಯಿತು ನೋಡಿ. ಎರಡನೇ ಮಹಡಿಯಲ್ಲಿ ಎರಡು ಕೋಣೆಯ ಮನೆ, ಬೀದಿಗೆ ಮುಖ ಮಾಡಿದ ಒಂದು ಪುಟ್ಟ ಬಾಲ್ಕನಿ, ಅದರಲ್ಲಿ ಮೂರು ದೊಡ್ಡ ಕುಂಡ. ದಿನವಿಡೀ ಕತ್ತು ಬಗ್ಗಿಸಿ ಬೇರೆಯವರ ಸೊಂಟದ ಸುತ್ತಳತೆ ಬರೆದುಕೊಳ್ಳುವ ಮನುಷ್ಯನಿಗೆ, ಬೆಳಿಗ್ಗೆ ಎದ್ದು ಕತ್ತೆತ್ತಿ ನೋಡಲು ತನ್ನದು ಅಂತ ಒಂದಿಷ್ಟು ಹಸಿರು ಬೇಕಿತ್ತು. ಆಸೆ ತಪ್ಪಲ್ಲ. ಆದರೆ ವರ್ಷಗಳು ಕಳೆದರೂ ಗಿಡಗಳು ಎಲೆ ಬಿಟ್ಟವೇ ಹೊರತು ಹಣ್ಣು ಬಿಡಲಿಲ್ಲ. ಗೊಬ್ಬರ ಹಾಕಿದ, ಮಣ್ಣು ಬದಲಿಸಿದ, ಕುಂಡಗಳನ್ನು ಬಿಸಿಲಿನ ಹಿಂದೆ ಹಿಂದೆಯೇ ಎಳೆದಾಡಿ ಸೊಂಟ ಹಿಡಿಸಿಕೊಂಡ. ಊಹೂಂ.

ಅವನ ಹೆಂಡತಿಯ ಕಣ್ಣು ಇದ್ದದ್ದು ಬಾಲ್ಕನಿಯ ಮೇಲೆ. ಅಂಗಡಿಯಲ್ಲಿ ಗುಂಡಿ ಹಾಕುವುದು, ಕಾಜಾ ಕಟ್ಟುವುದು ಎಲ್ಲ ಅವಳದೇ ಕೆಲಸ. ಮನೆಗೆ ಬಂದರೆ ಒಗೆದ ಬಟ್ಟೆ ಹರವಲು ಗೇಣು ಜಾಗವಿಲ್ಲ. ಕೋಣೆಯಲ್ಲೇ ಹಗ್ಗ ಕಟ್ಟಿ ಒಣಹಾಕಬೇಕು. ಊಟಕ್ಕೆ ಕೂತರೆ ತಲೆಯ ಮೇಲೆ ಪೈಜಾಮದ ಕಾಲು ನೇತಾಡಿ ತಟ್ಟೆಗೆ ನೀರು ತೊಟ್ಟಿಕ್ಕುತ್ತಿತ್ತು. ಒಂದು ದಿನ ಅವಳ ತಾಳ್ಮೆ ಮುಗಿಯಿತು. ಈ ಬೇಸಿಗೆಯೊಳಗೆ ಒಂದು ಹಣ್ಣಾದರೂ ಬಿಡಬೇಕು, ಇಲ್ಲದಿದ್ದರೆ ಮೂರೂ ಕುಂಡ ಕೆಳಗಿಳಿಯಬೇಕು ಅಂದಳು. ಅವನೂ ಜಂಬದಲ್ಲಿ ಆಗಲಿ ಅಂದುಬಿಟ್ಟ.

ಬೇಸಿಗೆ ಅರ್ಧ ದಾಟಿತು. ಹಣ್ಣಿರಲಿ, ಮೊಗ್ಗಿನ ಸುಳಿವೂ ಇಲ್ಲ. ಆಗ ಅರ್ಧ ಇಂಚಿನ ತಲೆಯಲ್ಲಿ ಒಂದು ಉಪಾಯ ಹೊಳೆಯಿತು. ಮಾರುಕಟ್ಟೆಯಿಂದ ತೊಟ್ಟಿರುವ ನಿಂಬೆಹಣ್ಣು ಆರಿಸಿ ತಂದ. ಹೆಂಡತಿ ಸ್ನಾನಕ್ಕೆ ಹೋದ ಹೊತ್ತು ನೋಡಿ, ಹಸಿರು ದಾರದಿಂದ ದೊಡ್ಡ ಗಿಡದ ಕೊಂಬೆಗಳಿಗೆ ಹೊಲಿದೇಬಿಟ್ಟ. ಹೊಲಿಗೆ ಎಂದರೆ ಹೊಲಿಗೆ ಸ್ವಾಮಿ! ಎಂಥ ಜಾಣನ ಕಣ್ಣಿಗೂ ದಾರ ಕಾಣುತ್ತಿರಲಿಲ್ಲ.

ಹೆಂಡತಿ ಬಂದು ನೋಡಿದಳು. ಅಯ್ಯೋ, ಎಷ್ಟು ಚೆನ್ನಾಗಿ ಬಿಟ್ಟಿದೆ ಎಂದು ಗಲ್ಲದ ಮೇಲೆ ಕೈಯಿಟ್ಟಳು. ಅವನು ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಸುಮ್ಮನೆ ನಿಂತಿದ್ದ. ಪಾಪ, ಒಂದನ್ನು ಮರೆತಿದ್ದ. ಹೊಲಿಗೆಯ ಕೊನೆಗೆ ಅವನು ಹಾಕುವ ಎರಡು ಸುತ್ತಿನ ಗಂಟನ್ನು ಮೂವತ್ತು ವರ್ಷದಿಂದ ಬಿಚ್ಚಿ ಸರಿಮಾಡುತ್ತಿದ್ದವಳು ಅವಳೇ. ಎಲೆ ಸರಿಸಿದ ಕೂಡಲೇ ಗಂಟಿನ ಗುರುತು ಸಿಕ್ಕಿತು. ಆದರೆ ತುಟಿ ಬಿಚ್ಚಲಿಲ್ಲ. ಅವನು ಚಾಪೆ ಕೆಳಗೆ ತೂರಿದರೆ ಅವಳು ರಂಗೋಲಿ ಕೆಳಗೆ ತೂರುವವಳು.

ಮರುದಿನ ಬೆಳಿಗ್ಗೆ ಅವನು ಹೊಲಿದದ್ದಕ್ಕಿಂತ ಎರಡು ಹಣ್ಣು ಹೆಚ್ಚಿದ್ದವು. ಅವನು ಕನ್ನಡಕ ಒರೆಸಿಕೊಂಡ. ತನಗೇ ಲೆಕ್ಕ ತಪ್ಪಿತೋ, ಅಥವಾ ನಾಚಿಕೆಯಾಗಿ ಗಿಡವೇ ರಾತ್ರೋರಾತ್ರಿ ಬಿಟ್ಟಿತೋ! ಎರಡನೆಯದನ್ನೇ ನಂಬಿ, ಮೇಲ್ಮನೆಯ ಅಕ್ಕನನ್ನು ಕರೆದು ತೋರಿಸಿ, ಗಿಡ ಸಾಕುವುದು ಹೇಗೆಂದು ಉಪನ್ಯಾಸವನ್ನೂ ಕೊಟ್ಟ. ಮಾರನೆಯ ದಿನ ಕೊಂಬೆಯಲ್ಲೊಂದು ಕಿತ್ತಳೆ ತೂಗುತ್ತಿತ್ತು. ಆಮೇಲೆ ಒಂದು ಟೊಮೇಟೊ. ಅದಕ್ಕೂ ಅವನು ಏನೋ ಒಂದು ಕಾರಣ ಹುಡುಕುತ್ತಿದ್ದನೋ ಏನೋ, ಅಷ್ಟರಲ್ಲಿ ಈರುಳ್ಳಿ ಬಿಟ್ಟಿತು. ಈರುಳ್ಳಿಯ ಎದುರು ನಿಂತಾಗ ಅವನ ಮುಖ ಹುಳ್ಳಗಾಯಿತು. ಒಳಗೆ ಹೆಂಡತಿ ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಗೆ ಒರಗಿದ್ದಳು.

ಗುಟ್ಟು ಬಯಲಾಗಿ, ನಕ್ಕು ನಕ್ಕು ಇಬ್ಬರಿಗೂ ಸುಸ್ತಾದ ಮೇಲೆ ಅವಳ ಮನಸ್ಸು ಸ್ವಲ್ಪ ಕರಗಿತು. ವರ್ಷದ ಕೊನೆಯವರೆಗೆ ಗಡುವು ಕೊಟ್ಟಳು. ಆದರೆ ಕುಂಡದ ಪಕ್ಕ ಇಟ್ಟುಕೊಂಡಿದ್ದ ಸಣ್ಣ ಕತ್ತರಿಯನ್ನು ಕಸಿದುಕೊಂಡಳು.

“ದಿನಾ ಬೆಳಿಗ್ಗೆ ನೋಡ್ತಿದ್ದೀನಿ. ಒಂದು ಚಿಗುರು ಉದ್ದ ಬಂದ್ರೆ ಸಾಕು, ಕಚಕ್ ಅಂತ ಕತ್ತರಿಸಿ ಸಮ ಮಾಡ್ತೀರಿ. ಹೂ ಬಿಡೋದೇ ಆ ತುದಿಯಲ್ಲಿ ಕಣ್ರೀ. ಅದು ಗಿಡ, ಪ್ಯಾಂಟಲ್ಲ.”

ಅವನು ಗಿಡದ ಬೋಳು ತುದಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಇಷ್ಟು ವರ್ಷ ತನ್ನ ಗಿಡದ ಹೂವನ್ನೆಲ್ಲ ತಾನೇ ಕತ್ತರಿಸಿ ಗುಡಿಸಿ ಎಸೆದಿದ್ದೆನಲ್ಲ ಎಂದು ನಿಜಕ್ಕೂ ಸಂಕಟಪಟ್ಟ. ಅಂದಿನಿಂದ ಗಿಡಗಳು ಮನಬಂದಂತೆ ಅಡ್ಡಾದಿಡ್ಡಿ ಬೆಳೆದವು. ಅದನ್ನು ನೋಡಿದರೆ ಅವನಿಗೆ ಕೈ ತುರಿಸುತ್ತಿತ್ತು. ಎರಡೂ ಕೈಯನ್ನು ಜೇಬಿಗಿಟ್ಟುಕೊಂಡು ನೀರು ಹಾಕಲು ಹೆಂಡತಿಯನ್ನೇ ಕರೆಯುತ್ತಿದ್ದ.

ಅವಳ ಕೀಟಲೆ ಮಾತ್ರ ನಿಲ್ಲಲಿಲ್ಲ. ಹಸಿರು ಬಟ್ಟೆ ಸುತ್ತಿದ ದೊಡ್ಡ ಗುಂಡಿಗಳನ್ನು ಥೇಟ್ ಎಳೆಕಾಯಿಯ ಹಾಗೆ ಎಲೆ ಮರೆಯಲ್ಲಿ ಹೊಲಿಯುವಳು. ಮೊದಮೊದಲು ಅವನು ಹಿಗ್ಗಿ ಮೋಸಹೋದ. ಆಮೇಲೆ ಹುಷಾರಾದ. ಕಂಡ ಕೂಡಲೇ ಪಟ್ಟನೆ ಕಿತ್ತು ತಂದು ಅವಳ ಮುಂದೆ ಇಟ್ಟು, ಸಿಕ್ಕಿಬಿದ್ದೆಯಲ್ಲ ಎಂದು ಮೀಸೆ ತಿರುವುತ್ತಿದ್ದ.

ಅಷ್ಟರಲ್ಲಿ ಶಾಲೆಗಳು ತೆರೆಯುವ ಕಾಲ ಬಂತು. ಸಮವಸ್ತ್ರದ ರಾಶಿ ಅಂಗಡಿಯ ಸೂರು ಮುಟ್ಟಿತು. ಕತ್ತಲಿರುವಾಗಲೇ ಹೋಗಿ ಕತ್ತಲಾದ ಮೇಲೆ ಬರುವ ದರ್ಜಿಗೆ ವಾರಗಟ್ಟಲೆ ಬಾಲ್ಕನಿಯ ನೆನಪೂ ಆಗಲಿಲ್ಲ. ಆ ದಿನಗಳಲ್ಲೇ ದೊಡ್ಡ ಗಿಡದ ಗೋಡೆ ಬದಿಯ ಕೊಂಬೆಯಲ್ಲಿ ಹೂವಾಯಿತು. ಹೂವು ಕಾಯಿಯಾಯಿತು. ಕಂಡವಳು ಹೆಂಡತಿ ಒಬ್ಬಳೇ. ಅದೊಂದೇ ಒಂದು ಕಾಯಿ. ಹಳದಿಯಾಗಲಿ, ಕಣ್ಣು ಮುಚ್ಚಿಸಿ ಕರೆದುಕೊಂಡು ಹೋಗಿ ತೋರಿಸೋಣ ಎಂದು ಗುಟ್ಟಾಗಿಟ್ಟುಕೊಂಡಳು. ಬಟ್ಟೆ ಒಣಗಿಸುವ ಚಿಂತೆಯೇ ಮರೆತು, ಅಂಗಡಿಗೆ ಹೊರಡುವ ಮುನ್ನ ದಿನವೂ ಅದನ್ನು ನೋಡಿ ಬರುತ್ತಿದ್ದಳು.

ಹೊಲಿಗೆಯ ಗಡಿಬಿಡಿ ಮುಗಿದ ಮೊದಲ ರಜೆಯ ದಿನ ದರ್ಜಿ ಲೋಟ ಹಿಡಿದು ಬಾಲ್ಕನಿಗೆ ಬಂದ. ಎಲೆಯ ಸಂದಿಯಲ್ಲಿ ಹಸಿರಾದದ್ದೇನೋ ಗುಂಡಗೆ ಕಂಡಿತು. ಮತ್ತೆ ಶುರು ಮಾಡಿದಳಪ್ಪ ಎಂದುಕೊಂಡ. ಬೆರಳಾಡಿಸಿ ಗಂಟು ಹುಡುಕಿದ, ಸಿಗಲಿಲ್ಲ. ಭಲೇ, ಕೈ ಪಳಗಿದೆ ಎಂದು ಒಳಗೊಳಗೇ ಮೆಚ್ಚಿದ. ತಿರುಚಿ ಪಟ್ಟನೆ ಕಿತ್ತ.

ಬೆರಳೆಲ್ಲ ನಿಂಬೆಯ ಘಮ. ಮುರಿದ ತೊಟ್ಟು ಹಸಿಯಾಗಿತ್ತು.

ಬಟ್ಟೆಯ ಬಕೆಟ್ಟು ಹಿಡಿದು ಬಂದ ಹೆಂಡತಿ ಬಾಗಿಲಲ್ಲೇ ನಿಂತುಬಿಟ್ಟಳು. ಅವನು ಅಂಗೈ ಚಾಚಿ ಅವಳ ಮುಖ ನೋಡಿದ. ನೀನು ಹೊಲಿದದ್ದು ಅಂದುಕೊಂಡೆ ಎಂದ. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಯಾರ ಮೇಲೆ ಸಿಟ್ಟು ಮಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

ಕೊನೆಗೆ ಅವನು ಕಾಯಿಯನ್ನು ಕಿಟಕಿಯ ಮೇಲಿಟ್ಟು, ಬಗ್ಗಿ ದೊಡ್ಡ ಕುಂಡವನ್ನು ತಬ್ಬಿ ಎತ್ತಿದ. ಸೊಂಟ ಕಟಕ್ಕೆಂದರೂ ಬಿಡದೆ ಮೆಟ್ಟಿಲ ಕಡೆ ಹೊರಟ. ಅವಳು ಬಕೆಟ್ಟನ್ನು ಬಾಗಿಲಿಗೆ ಅಡ್ಡ ಇಟ್ಟಳು.

“ಎಲ್ಲಿಗೆ?”

“ಕೆಳಕ್ಕೆ. ಮಾತು ಕೊಟ್ಟಿದ್ದೀನಲ್ಲ. ಬಿಟ್ಟಿದ್ದೊಂದನ್ನೂ ಕಿತ್ತೆ, ಇನ್ನು ವರ್ಷದ ಕೊನೆವರೆಗೆ ಯಾಕೆ ಕಾಯೋದು?”

“ಬಿಡಲಿ ಅಂದಿದ್ದೆ, ಗಿಡ ಬಿಡ್ತು. ಅದರ ಮಾತು ಅದು ಉಳಿಸ್ಕೊಂಡಿದೆ. ಕಿತ್ತಿದ್ದು ನೀವು. ಯಾರಾದ್ರೂ ಮನೆ ಬಿಟ್ಟು ಕೆಳಗಿಳೀಬೇಕು ಅಂದ್ರೆ ನೀವಿಳೀರಿ. ಕುಂಡ ಅಲ್ಲೇ ಇಡಿ.”